ಜೈನ ವೈದ್ಯ ಪರಂಪರೆಯಲ್ಲಿ ಸಸ್ಯೌಷಧ ಮತ್ತು ಅಹಿಂಸೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ - ಶ್ರಾವಕನಿಗೆ ವಿಹಿತವಾದ ದಾನಗಳು ಈ ನಾಲ್ಕು. ಶ್ರವಣಬೆಳಗೊಳದ ಶಾಸನಗಳನ್ನು ಓದುವವರಿಗೆ ಈ ನಾಲ್ಕು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿಯು ಕ್ರಿ.ಶ. 1121ರಲ್ಲಿ ಸಮಾಧಿಮರಣವನ್ನು ಪಡೆದಾಗ ಆಕೆಯ ನೆನಪಿಗಾಗಿ ನಿಲ್ಲಿಸಿದ ಶಾಸನವು ಆಕೆಯ ರೂಪ, ಸೌಭಾಗ್ಯಗಳ ಜೊತೆಗೆ ಈ ಚತುರ್ವಿಧ ದಾನವನ್ನೂ ಕೊಂಡಾಡುತ್ತದೆ. ಅನ್ನದಾನದ ಮಹಿಮೆಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಶಾಸ್ತ್ರದಾನವನ್ನು ಕುರಿತು ಪ್ರತಿ ಗ್ರಂಥ ಬಿಡುಗಡೆಯ ಸಂದರ್ಭದಲ್ಲಿಯೂ ಕೇಳುತ್ತೇವೆ. ಔಷಧದಾನದ ವಿಚಾರ ಮಾತ್ರ ಹಣ ಸಂಗ್ರಹದ ಮನವಿ ಪತ್ರದಿಂದ ಮುಂದೆ ಹೋಗಿರುವುದು ಕಡಮೆ. ಕೊಡುವ ಔಷಧ ಯಾವುದು, ಅದು ಎಲ್ಲಿಂದ ಬಂದಿತು, ಅದಕ್ಕಾಗಿ ಯಾವ ಜೀವಕ್ಕೆ ಎಷ್ಟು ನೋವಾಯಿತು ಎಂಬ ಪ್ರಶ್ನೆಯನ್ನು ದಾನಿಯೂ ಕೇಳುವುದಿಲ್ಲ, ಪಡೆಯುವವನೂ ಕೇಳುವುದಿಲ್ಲ.

ಈ ಪ್ರಶ್ನೆ ಹೊಸದೇನೂ ಅಲ್ಲ. ಸುಮಾರು ಹನ್ನೆರಡು ಶತಮಾನಗಳ ಹಿಂದೆಯೇ ಕನ್ನಡ ನಾಡಿನ ರಾಜಸಭೆಯೊಂದರಲ್ಲಿ ಇದು ಚರ್ಚೆಗೆ ಬಂದಿತ್ತು. ಇಂದು ‘ಗಿಡಮೂಲಿಕೆಯಿಂದ ತಯಾರಿಸಿದ್ದು’, ‘ಸಂಪೂರ್ಣ ನೈಸರ್ಗಿಕ’ ಎಂಬ ಮಾತು ಸೀಸೆಯ ಮೇಲೆ ಕಂಡರೆ ಸಾಕು, ಅದು ನಿರಪಾಯಕಾರಿ, ಅದು ಅಹಿಂಸಕ, ಅದು ನಮ್ಮ ವ್ರತಕ್ಕೆ ಹೊಂದುವಂಥದು ಎಂದು ನಾವು ನಂಬಿಬಿಡುತ್ತೇವೆ. ನಮ್ಮ ವೈದ್ಯಾಚಾರ್ಯರು ಅಷ್ಟು ಸುಲಭವಾಗಿ ನಂಬಿದವರಲ್ಲ. ಅವರ ದಾರಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಈ ಲೇಖನದ ಉದ್ದೇಶ.

ಜೈನ ಪರಂಪರೆಯಲ್ಲಿ ವೈದ್ಯವು ಲೌಕಿಕ ವಿದ್ಯೆಯೆಂದು ಹೊರಗೆ ನಿಂತದ್ದಲ್ಲ. ದ್ವಾದಶಾಂಗದ ದೃಷ್ಟಿವಾದದಲ್ಲಿ ಸೇರಿದ ಹದಿನಾಲ್ಕು ಪೂರ್ವಗಳ ಪೈಕಿ ಹನ್ನೆರಡನೆಯದಾದ ಪ್ರಾಣಾವಾಯ ಪೂರ್ವವು ಆಯುರ್ವೇದವನ್ನು ಒಳಗೊಂಡಿತ್ತೆಂದು ಆಗಮಜ್ಞರು ಹೇಳುತ್ತಾರೆ. ಆ ಪೂರ್ವವು ಲುಪ್ತವಾಗಿದೆ. ಆದರೆ ಅದರ ಪರಂಪರೆಯನ್ನು ಆಧರಿಸಿ ರಚಿತವಾದುದೆಂದು ಹೇಳಿಕೊಳ್ಳುವ ಒಂದು ದೊಡ್ಡ ಸಂಸ್ಕೃತ ಗ್ರಂಥ ನಮಗೆ ಉಳಿದಿದೆ. ಅದೇ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’. ಭರತ ಚಕ್ರವರ್ತಿಯೇ ಮೊದಲಾದವರು ಭಗವಾನ್ ಆದಿನಾಥರ ಸಮವಸರಣಕ್ಕೆ ಬಂದು, ಭೋಗಭೂಮಿ ಕಳೆದು ಕರ್ಮಭೂಮಿ ಬಂದ ಮೇಲೆ ಜನರನ್ನು ಕಾಡತೊಡಗಿದ ರೋಗಗಳಿಗೆ ಪರಿಹಾರವೇನೆಂದು ಕೇಳುವ ಪ್ರಸಂಗದಿಂದ ಅದು ತೊಡಗುತ್ತದೆ. ರೋಗವನ್ನು ಕರ್ಮಫಲವೆಂದು ಹೇಳಿ ಕೈಕಟ್ಟಿ ಕೂರುವ ಉಪದೇಶ ಅಲ್ಲಿಲ್ಲ. ಕರ್ಮವು ರೋಗದ ಅಂತರಂಗ ಕಾರಣವಾದರೂ ಆಹಾರ, ಋತು, ದೋಷಗಳು ಬಹಿರಂಗ ಕಾರಣಗಳಾಗಿರುವುದರಿಂದ ಚಿಕಿತ್ಸೆಗೆ ಅವಕಾಶವಿದೆ ಎಂಬುದು ನಮ್ಮವರ ನಿಲುವು.

ಉಗ್ರಾದಿತ್ಯರು ಶ್ರೀನಂದಿ ಆಚಾರ್ಯರ ಶಿಷ್ಯರು. ತ್ರಿಕಲಿಂಗ ದೇಶದ ರಾಮಗಿರಿಯಲ್ಲಿ ತಮ್ಮ ಗ್ರಂಥವನ್ನು ರಚಿಸಿದುದಾಗಿ ಅವರೇ ಹೇಳಿದ್ದಾರೆ. ಆಂಧ್ರದ ವಿಜಯನಗರಂ ಪ್ರಾಂತದ ರಾಮತೀರ್ಥವೇ ಆ ರಾಮಗಿರಿ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿನ ಬೆಟ್ಟದ ಮೇಲೆ ಜೈನ ಅವಶೇಷಗಳು ಇಂದಿಗೂ ಇವೆ. ತಮಗಿಂತ ಹಿಂದಿನ ವೈದ್ಯಾಚಾರ್ಯರನ್ನು ಅವರು ಸ್ಮರಿಸುವ ಕ್ರಮ ಗಮನಾರ್ಹವಾದುದು. ಕಣ್ಣು, ಕಿವಿ ಮೊದಲಾದ ಊರ್ಧ್ವಾಂಗಗಳ ಶಾಲಾಕ್ಯಕ್ಕೆ ಪೂಜ್ಯಪಾದರು, ಶಸ್ತ್ರಚಿಕಿತ್ಸೆಗೆ ಪಾತ್ರಸ್ವಾಮಿಗಳು, ವಿಷಚಿಕಿತ್ಸೆಗೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥ ಗುರುಗಳು, ಶಿಶುಗಳ ಚಿಕಿತ್ಸೆಗೆ ಮೇಘನಾದರು, ರಸಾಯನ ವಾಜೀಕರಣಗಳಿಗೆ ಸಿಂಹನಾದರು. ಎಂಟೂ ಅಂಗಗಳನ್ನು ವಿಸ್ತಾರವಾಗಿ ಹೇಳಿದವರು ಸಮಂತಭದ್ರರು. ಇವರ ವೈದ್ಯಗ್ರಂಥಗಳು ನಮಗೆ ದೊರೆತಿಲ್ಲ. ಹೆಸರುಗಳಷ್ಟೇ ಉಳಿದಿವೆ. ಉಗ್ರಾದಿತ್ಯರ ಗ್ರಂಥವೂ ಓಲೆಗರಿಯಲ್ಲಿಯೇ ಕಳೆದುಹೋಗಬಹುದಿತ್ತು. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಅದನ್ನು ಹಿಂದಿ ಅನುವಾದದೊಡನೆ ಸಂಪಾದಿಸಿ, 1940ರಲ್ಲಿ ಸೊಲ್ಲಾಪುರದ ಸಖಾರಾಮ ನೇಮಚಂದ ಗ್ರಂಥಮಾಲೆಯಲ್ಲಿ ಬೆಳಕಿಗೆ ತಂದರು. ಶಾಸ್ತ್ರದಾನವೂ ಔಷಧದಾನವೂ ಒಂದೇ ಕಾರ್ಯದಲ್ಲಿ ಕೂಡಿಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಗ್ರಂಥದ ಕೊನೆಯಲ್ಲಿ ಎರಡು ಪರಿಶಿಷ್ಟಗಳಿವೆ. ಒಂದು ರಿಷ್ಟಾಧ್ಯಾಯ, ಅಂದರೆ ಮರಣಸೂಚಕ ಚಿಹ್ನೆಗಳ ವಿಚಾರ. ಇನ್ನೊಂದು ಹಿತಾಹಿತಾಧ್ಯಾಯ. ನೃಪತುಂಗ ವಲ್ಲಭನ ಸಭೆಯಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದಾಗ, ಮಾಂಸಾಹಾರದ ನಿಷ್ಫಲತೆಯನ್ನು ಕುರಿತು ಆಚಾರ್ಯರು ಮಾಡಿದ ಪ್ರತಿಪಾದನೆ ಅದು. ಈ ನೃಪತುಂಗನು ರಾಷ್ಟ್ರಕೂಟ ಚಕ್ರವರ್ತಿ ಒಂದನೆಯ ಅಮೋಘವರ್ಷ (ಕ್ರಿ.ಶ. 814-878) ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಜಿನಸೇನಾಚಾರ್ಯರ ಪಾದಗಳಿಗೆ ಎರಗಿದವನೆಂದು ಗುಣಭದ್ರರು ಸ್ಮರಿಸುವ, ‘ಕವಿರಾಜಮಾರ್ಗ’ಕ್ಕೆ ಆಶ್ರಯವಾದ ಅದೇ ಅರಸು. ಅವನ ರಾಜಧಾನಿ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡವೆಂಬ ಊರಾಗಿ ಉಳಿದಿದೆ.

ಆ ಸಭೆಯಲ್ಲಿ ಎದ್ದ ಪ್ರಶ್ನೆ ಎಷ್ಟು ಗಂಭೀರವಾದುದೆಂದು ತಿಳಿಯಬೇಕಾದರೆ ಅಂದಿನ ವೈದ್ಯದ ಸ್ಥಿತಿಯನ್ನು ನೆನೆಯಬೇಕು. ಆಯುರ್ವೇದವೆಂದರೆ ಕೇವಲ ಸೊಪ್ಪು ಬೇರುಗಳ ವೈದ್ಯ ಎಂಬ ಕಲ್ಪನೆ ಈಚಿನದು. ಚರಕಸಂಹಿತೆಯು ಔಷಧದ್ರವ್ಯಗಳನ್ನು ಜಂಗಮ, ಔದ್ಭಿದ, ಪಾರ್ಥಿವ ಎಂದು ವಿಂಗಡಿಸಿ, ಜಂಗಮ ದ್ರವ್ಯಗಳಲ್ಲಿ ಜೇನು, ಹಾಲುಗಳ ಜೊತೆಯಲ್ಲಿಯೇ ಪಿತ್ತ, ವಸೆ, ಮಜ್ಜೆ, ರಕ್ತ, ಮಾಂಸಗಳನ್ನೂ ಎಣಿಸುತ್ತದೆ. ಕ್ಷಯರೋಗಿಗೆ ಮಾಂಸವನ್ನು ವಿಧಿಸುವ ಪ್ರಕರಣದಲ್ಲಿ, ಕೆಲವು ಪ್ರಾಣಿಗಳ ಮಾಂಸಕ್ಕೆ ರೋಗಿಯು ಅಸಹ್ಯಪಟ್ಟಾನೆಂದು ಬೇರೊಂದರ ಹೆಸರು ಹೇಳಿ ಉಣಿಸಬೇಕೆಂಬ ಸೂಚನೆಯೂ ಇದೆ. ಜೈನ ವೈದ್ಯನಿಗೆ ಇಲ್ಲಿ ಎರಡು ವ್ರತಗಳು ಒಟ್ಟಿಗೇ ಮುರಿಯುತ್ತವೆ. ಕೊಲ್ಲುವುದು ಒಂದು, ಹಾಸಿಗೆ ಹಿಡಿದವನಿಗೆ ಸುಳ್ಳು ಹೇಳುವುದು ಇನ್ನೊಂದು.

ಹಾಗೆಂದು ಉಗ್ರಾದಿತ್ಯರು ಚರಕ ಸುಶ್ರುತರ ವಿದ್ಯೆಯನ್ನು ತಿರಸ್ಕರಿಸಲಿಲ್ಲ. ವಾತ ಪಿತ್ತ ಕಫಗಳ ಸಿದ್ಧಾಂತ, ಪಂಚಕರ್ಮ, ಪಥ್ಯಾಪಥ್ಯ, ಅಷ್ಟಾಂಗ ವಿಭಾಗ ಎಲ್ಲವೂ ಅವರಲ್ಲಿ ಇವೆ. ಮದ್ಯ, ಮಾಂಸ, ಮಧುಗಳನ್ನು ಮಾತ್ರ ಹೊರಗಿಟ್ಟರು. ಹೇಳುವುದಕ್ಕೆ ಇದು ಸುಲಭ. ಆದರೆ ಜೇನನ್ನು ಬಿಡುವುದೆಂದರೆ ವೈದ್ಯನು ತನ್ನ ಬಲಗೈಯನ್ನೇ ಬಿಟ್ಟಂತೆ. ಏಕೆಂದರೆ ಕಫವಿಕಾರಗಳಲ್ಲಿ ಚೂರ್ಣಕ್ಕೆ ಅನುಪಾನ ಜೇನು, ಲೇಹ್ಯವನ್ನು ಇಳಿಸಿ ಆರಿಸಿದ ಮೇಲೆ ಬೆರೆಸುವುದು ಜೇನು. ಮದ್ಯವನ್ನು ಬಿಟ್ಟರೆ ಆಸವ ಅರಿಷ್ಟಗಳ ದೊಡ್ಡ ವರ್ಗವೇ ಸಂಶಯಕ್ಕೆ ಒಳಗಾಗುತ್ತದೆ. ಧಾತಕಿ ಹೂವು, ಬೆಲ್ಲಗಳನ್ನು ಸೇರಿಸಿ ಹುದುಗಿಸುವ ಈ ಔಷಧಗಳಲ್ಲಿ ತಾನಾಗಿಯೇ ಹುಟ್ಟುವ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರವರೆಗೆ ಇರುತ್ತದೆ. ಉಳಿಯುವುದು ಕಷಾಯ, ಸ್ವರಸ, ಕಲ್ಕ, ಚೂರ್ಣ, ಘೃತ, ತೈಲಗಳು. ಜೇನಿನ ಜಾಗಕ್ಕೆ ಬೆಲ್ಲ, ಸಕ್ಕರೆ, ತುಪ್ಪ. ಇಷ್ಟರಲ್ಲಿಯೇ ಎಂಟೂ ಅಂಗಗಳ ವೈದ್ಯವನ್ನು ಕಟ್ಟಿ ತೋರಿಸುವುದು ಸಾಮಾನ್ಯ ಸಾಹಸವಲ್ಲ.

ಕನ್ನಡದಲ್ಲಿ ಈ ದಾರಿ ಮುಂದುವರಿಯಿತು. ಪೂಜ್ಯಪಾದರದೆಂದು ಹೇಳುವ ಇನ್ನೊಂದು ‘ಕಲ್ಯಾಣಕಾರಕ’ವನ್ನು ಕ್ರಿ.ಶ. 1150ರ ಸುಮಾರಿಗೆ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದನು. ಕನ್ನಡದ ಅತಿ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಒಂದಾದ ಅದರ ಚಿಕಿತ್ಸೆಯೂ ಪೂರ್ತಿ ಸಸ್ಯಮೂಲದ್ದು, ಮದ್ಯರಹಿತವಾದದ್ದು ಎಂದು ಸಾಹಿತ್ಯ ಚರಿತ್ರಕಾರರು ಗುರುತಿಸಿದ್ದಾರೆ. ಅದಕ್ಕೂ ಸ್ವಲ್ಪ ಮೊದಲು, 1125ರ ಸುಮಾರಿಗೆ, ಚಾಲುಕ್ಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಅರಸುಮನೆತನದವನೊಬ್ಬನು ಮೂಕ ದನಕರುಗಳ ಬೇನೆಗೆ ಮದ್ದು ಬರೆದನೆಂಬುದೇ ನಮ್ಮ ಪಾಲಿಗೆ ಸಂತೋಷದ ಸಂಗತಿ. ಅದರಲ್ಲಿ ಮಂತ್ರ ಮಾಟಗಳ ಭಾಗವೂ ಇದೆ, ಅದನ್ನು ಮುಚ್ಚಿಡಬೇಕಾದುದಿಲ್ಲ.

ಇಷ್ಟು ಹೇಳಿದ ಮೇಲೆ ಓದುಗರು ಕೇಳಬಹುದು: ಹಾಗಾದರೆ ಸಸ್ಯಮೂಲದ ಔಷಧವೆಲ್ಲವೂ ಶ್ರಾವಕನಿಗೆ ನಿರ್ದೋಷವೆಂದೇ ತೀರ್ಮಾನವೇ? ಅಲ್ಲ. ಇಲ್ಲಿಂದ ಮುಂದೆ ನಮ್ಮ ಆಚಾರ್ಯರು ಇನ್ನಷ್ಟು ಸೂಕ್ಷ್ಮವಾಗುತ್ತಾರೆ.

ಪಂಚ ಉದುಂಬರಗಳನ್ನು ನೋಡಿ. ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ - ಇವುಗಳ ಹಣ್ಣನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಮದ್ಯ ಮಾಂಸ ಮಧುಗಳ ಜೊತೆಗೆ ಸೇರಿಸಿ ನಿಷೇಧಿಸಿದ್ದಾರೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮೂಲಗುಣಗಳ ಎಣಿಕೆ ಬೇರೆ, ಅಲ್ಲಿ ಮೂರು ಮಕಾರಗಳ ತ್ಯಾಗದೊಡನೆ ಐದು ಅಣುವ್ರತಗಳು ಬರುತ್ತವೆ. ಉದುಂಬರ ನಿಷೇಧಕ್ಕೆ ಕಾರಣ ಹಣ್ಣಿನೊಳಗಿನ ತ್ರಸಜೀವಗಳು. ಅತ್ತಿಹಣ್ಣನ್ನು ಬಿಚ್ಚಿದವರಿಗೆಲ್ಲ ಗೊತ್ತಿರುವ ಸಂಗತಿಯಿದು. ಇಂದಿನ ಜೀವಶಾಸ್ತ್ರವು ಇದಕ್ಕೆ ಪೂರ್ಣ ವಿವರಣೆ ಕೊಡುತ್ತದೆ. ಈ ಜಾತಿಯ ಮರಗಳಲ್ಲಿ ಹೂಗಳು ಕಾಯಿಯಾಕಾರದ ಬುರುಡೆಯ ಒಳಗೇ ಅರಳುತ್ತವೆ. ಅತಿ ಚಿಕ್ಕ ಕಣಜವೊಂದು ಕಿರಿದಾದ ಬಾಯಿಯಿಂದ ಒಳಹೊಕ್ಕು, ಪರಾಗವನ್ನು ತಲುಪಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮರಿಗಳು ಆ ಹಣ್ಣಿನೊಳಗೇ ಬೆಳೆಯುತ್ತವೆ. ಮರಕ್ಕೂ ಹುಳುವಿಗೂ ಒಂದನ್ನು ಬಿಟ್ಟು ಒಂದಕ್ಕೆ ಬಾಳಿಲ್ಲ. ಆಚಾರ್ಯರು ಕಣಜದ ಜೀವನಚಕ್ರವನ್ನು ಬಣ್ಣಿಸಲಿಲ್ಲ, ಆದರೆ ಹಣ್ಣು ಜೀವಗಳ ಮನೆಯೆಂದು ಕಂಡಿದ್ದರು. ಒಣಗಿ ಜೀವರಹಿತವಾದ ಹಣ್ಣನ್ನು ತಿನ್ನಬಹುದಲ್ಲ ಎಂಬ ಜಾಣ ಪ್ರಶ್ನೆಗೂ ಅಮೃತಚಂದ್ರರು ಉತ್ತರ ಕೊಟ್ಟಿದ್ದಾರೆ. ಆಗಲೂ ತೀವ್ರ ರಾಗವೆಂಬ ಹಿಂಸೆ ತಪ್ಪದು ಎನ್ನುತ್ತಾರೆ. ಗೂಡಿನಿಂದ ತಾನಾಗಿ ತೊಟ್ಟಿಕ್ಕಿದ ಜೇನಿಗೂ, ಅದನ್ನು ಆಶ್ರಯಿಸಿದ ಜೀವಗಳ ಕಾರಣದಿಂದ, ಅವರು ರಿಯಾಯಿತಿ ಕೊಡುವುದಿಲ್ಲ. ಪೆಟ್ಟಿಗೆ ಸಾಕಣೆಯ ಜೇನು ಹುಳುಗಳನ್ನು ಹಿಂಡದೆ ತೆಗೆದದ್ದು, ಆದ್ದರಿಂದ ಗ್ರಾಹ್ಯವೆಂದು ಇಂದು ವಾದಿಸುವವರು ಆ ಶ್ಲೋಕವನ್ನು ಒಮ್ಮೆ ನೋಡಬೇಕು.

ಆದರೆ ಅದೇ ಮರಗಳ ತೊಗಟೆ? ಆಲ, ಅತ್ತಿ, ಅರಳಿ, ಬಸರಿ, ಪಾರೀಷ ಈ ಐದರ ತೊಗಟೆಗಳಿಗೆ ಆಯುರ್ವೇದದಲ್ಲಿ ಪಂಚವಲ್ಕಲವೆಂದು ಹೆಸರು. ಇವುಗಳ ಒಗರಿನ ಕಷಾಯದಿಂದ ಹುಣ್ಣುಗಳನ್ನು ತೊಳೆಯುವುದು, ಬಾಯಿಹುಣ್ಣಿಗೆ ಮುಕ್ಕಳಿಸುವುದು ಬಹಳ ಹಳೆಯ ಚಿಕಿತ್ಸೆ. ಮೂಲಗುಣದ ನಿಷೇಧ ಹಣ್ಣಿಗೆ ಸೇರಿದ್ದು, ತೊಗಟೆಗಲ್ಲ. ಒಂದೇ ಮರದಲ್ಲಿ ಒಂದು ಅಂಗ ತ್ಯಾಜ್ಯ, ಇನ್ನೊಂದು ಅಂಗ ಔಷಧ. ಅರಿಶಿನ, ಶುಂಠಿಗಳ ವಿಷಯದಲ್ಲಿಯೂ ಇಂಥದೇ ವಿವೇಚನೆಯಿದೆ. ಹಸಿಯ ಗೆಡ್ಡೆಯು ಅನಂತಕಾಯ, ಸಾಧಾರಣ ವನಸ್ಪತಿ. ಆದ್ದರಿಂದ ಹಸಿಶುಂಠಿ ವರ್ಜ್ಯ. ಒಣಗಿದ ಶುಂಠಿ, ಅರಿಶಿನದ ಕೊಂಬು ಅಚಿತ್ತವಾದುದರಿಂದ ಗ್ರಾಹ್ಯ. ನಮ್ಮ ಮನೆಗಳಲ್ಲಿ ನೆಗಡಿಗೆ ಕುದಿಯುವ ಕಷಾಯದಲ್ಲಿ ಶುಂಠಿಯ ಪುಡಿ, ಮೆಣಸು, ಜೀರಿಗೆ ಇರುತ್ತವೆಯೇ ಹೊರತು ಹಸಿಶುಂಠಿಯ ತುಂಡಿರುವುದಿಲ್ಲ. ಪುಡಿಗಳಿಗೂ ಕಾಲಮರ್ಯಾದೆ ಉಂಟು. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನ ಎಂಬ ಲೆಕ್ಕವನ್ನು ನಮ್ಮ ತಾಯಂದಿರು ಬಲ್ಲರು. ತಿಂಗಳುಗಟ್ಟಲೆ ಕಪಾಟಿನಲ್ಲಿ ಕುಳಿತು ತೇವ ಹಿಡಿದ ಚೂರ್ಣವನ್ನು ಔಷಧವೆಂದು ಹಂಚುವಾಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಸಸ್ಯವನ್ನು ಪಡೆಯುವ ರೀತಿಯದು. ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲಿನ ಹಳೆಯ ವರ್ಣಚಿತ್ರಗಳಲ್ಲಿ ಒಂದು ಮರ ಮತ್ತು ಆರು ಮಂದಿ ಮನುಷ್ಯರ ಚಿತ್ರವಿದೆ. ಯಾತ್ರಿಕರು ಅದನ್ನು ನೋಡಿ ಮುಂದೆ ಹೋಗುತ್ತಾರೆ. ಅದು ಷಡ್‌ಲೇಶ್ಯೆಗಳ ದೃಷ್ಟಾಂತ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಇದನ್ನು ಹೇಳುತ್ತಾರೆ. ಕಾಡಿನಲ್ಲಿ ದಾರಿತಪ್ಪಿದ ಆರು ಜನ ಪಥಿಕರು ಹಣ್ಣು ತುಂಬಿದ ಮರವನ್ನು ಕಂಡರು. ಬುಡಸಹಿತ ಕಿತ್ತರೆ ಹಣ್ಣು ಸಿಗುತ್ತದೆಂದು ಒಬ್ಬನು ಯೋಚಿಸಿದ. ಕಾಂಡವನ್ನು ಕಡಿಯೋಣವೆಂದು ಇನ್ನೊಬ್ಬ. ಕೊಂಬೆ ಸಾಕೆಂದು ಮತ್ತೊಬ್ಬ. ರೆಂಬೆ ಸಾಕೆಂದು ನಾಲ್ಕನೆಯವ. ಹಣ್ಣನ್ನಷ್ಟೇ ಕೊಯ್ಯೋಣವೆಂದು ಐದನೆಯವ. ಉದುರಿ ಬಿದ್ದದ್ದೇ ಸಾಕೆಂದು ಆರನೆಯವ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಲೇಶ್ಯೆಗಳಿಗೆ ಇವರು ಕ್ರಮವಾಗಿ ನಿದರ್ಶನ. ಆರು ಮಂದಿಗೂ ಹಸಿವು ಒಂದೇ, ತಿನ್ನುವ ಹಣ್ಣೂ ಒಂದೇ. ಮಾಂಸದ ಮಾತೇ ಇಲ್ಲಿಲ್ಲ. ಕೇವಲ ಸಸ್ಯಾಹಾರದೊಳಗೇ ಕೃಷ್ಣದಿಂದ ಶುಕ್ಲದವರೆಗಿನ ಅಂತರವಿದೆ ಎಂಬುದನ್ನು ಈ ಚಿತ್ರ ಹೇಳುತ್ತಿದೆ.

ಮನೆಮದ್ದುಗಳನ್ನು ಈ ಮರದ ಕೆಳಗೆ ನಿಲ್ಲಿಸಿ ನೋಡೋಣ. ತ್ರಿಫಲದ ಅಳಲೆ, ತಾರೆ, ನೆಲ್ಲಿ ಮೂರೂ ಹಣ್ಣುಗಳು. ಅಳಲೆ ತಾರೆಗಳನ್ನು ಕಾಡಿನ ಜನ ನೆಲದ ಮೇಲಿಂದ ಆಯ್ದು ತರುವುದುಂಟು. ಮಲಬದ್ಧತೆಗೆ ಇಷ್ಟು ಸೌಮ್ಯವಾದ, ಇಷ್ಟು ಅಗ್ಗವಾದ ಮದ್ದು ಇನ್ನೊಂದಿರಲಾರದು. ಮರಕ್ಕೆ ಒಂದು ಗಾಯವೂ ಇಲ್ಲ. ಕೆಮ್ಮಿಗೆ ಕೊಡುವ ಆಡುಸೋಗೆಯದು ಎಲೆ. ಹೊಲದ ಬೇಲಿಯಲ್ಲಿ ಬೆಳೆಯುವ ಈ ಗಿಡ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಕಫವನ್ನು ಕರಗಿಸಲು ಇಂದು ವೈದ್ಯರು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವು ಈ ಎಲೆಯಲ್ಲಿನ ವ್ಯಾಸಿಸಿನ್ ಎಂಬ ಕ್ಷಾರಸತ್ವದ ಮಾದರಿಯಿಂದಲೇ ರೂಪುಗೊಂಡದ್ದು. ದಶಮೂಲದ ಲೆಕ್ಕ ಬೇರೆ. ಅದರಲ್ಲಿ ಬಿಲ್ವ, ಶಿವನೆ, ಪಾದರಿ ಮೊದಲಾದ ಐದು ದೊಡ್ಡ ಮರಗಳ ಬೇರು ಸೇರಬೇಕು. ಬೇರನ್ನು ಅಗೆದ ಮರ ಎಷ್ಟು ದಿನ ಬದುಕೀತು? ರಕ್ತದೊತ್ತಡಕ್ಕೆ ಪ್ರಸಿದ್ಧವಾದ ಸರ್ಪಗಂಧದ ಔಷಧವೂ ಬೇರಿನಲ್ಲಿಯೇ ಇದೆ. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದ ಮೇಲೆ ಪ್ರಪಂಚದ ಬೇಡಿಕೆಯೆಲ್ಲ ನಮ್ಮ ಕಾಡುಗಳ ಮೇಲೆ ಬಿದ್ದಿತು. ಕೊನೆಗೆ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಒಪ್ಪಂದದ ಮೂಲಕ ನಿಯಂತ್ರಿಸಬೇಕಾಯಿತು.

ಗುಗ್ಗುಳದ ಕಥೆ ಇನ್ನೂ ಕಹಿಯಾದುದು. ಬಸದಿಯ ಧೂಪಕ್ಕೂ, ಸಂಧಿವಾತದ ಗುಳಿಗೆಗೂ ಬೇಕಾದ ಈ ಅಂಟು ರಾಜಸ್ಥಾನ ಗುಜರಾತಗಳ ಒಣನೆಲದ ಕುಳ್ಳು ಮರದ್ದು. ಮಿತವಾಗಿ ಕಚ್ಚುಹಾಕಿ ಒಸರಿದ್ದನ್ನು ತೆಗೆದರೆ ಮರ ಉಳಿಯುತ್ತದೆ. ಹೆಚ್ಚು ಅಂಟಿನ ಆಸೆಗೆ ಆಳವಾಗಿ ಕಡಿದು, ಗಾಯಕ್ಕೆ ರಾಸಾಯನಿಕದ ಲೇಪ ಹಚ್ಚಿದರೆ ಒಮ್ಮೆ ಬೇಕಾದಷ್ಟು ಸುರಿಸಿ ಮರ ಸಾಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಗುಗ್ಗುಳವನ್ನು ತೀವ್ರವಾಗಿ ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿದೆ.

ನಮ್ಮದೇ ನಾಡಿನ ಶ್ರೀಗಂಧವನ್ನು ಬಿಟ್ಟು ಈ ಮಾತು ಮುಗಿಯದು. ಸುಗಂಧ ತೈಲಗಳ ಇಂದಿನ ಚಿಕಿತ್ಸೆಯಲ್ಲಿ ಅದಕ್ಕೆ ಅಗ್ರಸ್ಥಾನ. ಜಿನಾಭಿಷೇಕದಲ್ಲಿ ಅದಕ್ಕಿರುವ ಸ್ಥಾನವನ್ನು ಹೇಳಬೇಕಾಗಿಯೇ ಇಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. 1916ರಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಕಾರ್ಖಾನೆಯನ್ನು ಆರಂಭಿಸಿತು. ಎಣ್ಣೆಯಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಬಲಿಯಲು ದಶಕಗಳೇ ಬೇಕು, ಬೇರಿನಲ್ಲಿ ಎಣ್ಣೆಯ ಅಂಶ ಹೆಚ್ಚು. ಆದ್ದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಕೀಳುತ್ತಾರೆ. ಮಠದ ಗೋಡೆಯ ಮೊದಲನೆಯ ಮನುಷ್ಯನು ಯೋಚಿಸಿದ್ದೂ ಅದನ್ನೇ. 2001ರ ಕಾನೂನು ತಿದ್ದುಪಡಿಯ ತರುವಾಯ ಕರ್ನಾಟಕದಲ್ಲಿ ತನ್ನ ಭೂಮಿಯಲ್ಲಿ ಬೆಳೆದ ಗಂಧದ ಮರಕ್ಕೆ ಭೂಮಾಲೀಕನೇ ಒಡೆಯ. ಜಮೀನುಳ್ಳ ಬಸದಿಗಳ ಧರ್ಮದರ್ಶಿಗಳು ಪೂಜೆಗೆ ಬೇಕಾದ ಗಂಧವನ್ನು ತಾವೇ ನೆಟ್ಟು ಬೆಳೆಸಬಹುದಾಗಿದೆ. ಪ್ರಕ್ಷಾಳಕ್ಕೆ ಗಂಧದ ಕೊರಡನ್ನು ಸಾಣೆಯ ಮೇಲೆ ತೇಯುವುದಕ್ಕೂ, ಬೆನ್ನುಜ್ಜಲು ಸೀಸೆಗಟ್ಟಲೆ ಎಣ್ಣೆ ಸುರಿಯುವುದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರು ತಾವೇ ನೋಡಿಕೊಳ್ಳಲಿ. ಕೊರಡೊಂದು ಮೂರು ತಲೆಮಾರು ಬಾಳಿದ ಮನೆಗಳು ನಮ್ಮಲ್ಲಿವೆ.

ಸಸ್ಯವು ನಿರಪಾಯಕಾರಿ ಎಂಬ ಇನ್ನೊಂದು ನಂಬಿಕೆಯ ವಿಚಾರ ಉಳಿಯಿತು. ಕ್ರಿ.ಶ. 1360ರ ಸುಮಾರಿನಲ್ಲಿದ್ದ ಜೈನ ಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹಾವು ಚೇಳುಗಳ ಜಂಗಮ ವಿಷಕ್ಕೆ ಮದ್ದು ಹೇಳುವಂತೆ ಸ್ಥಾವರ ವಿಷಕ್ಕೂ ಅವನು ಮದ್ದು ಹೇಳುತ್ತಾನೆ. ಸುಶ್ರುತನು ಸ್ಥಾವರ ವಿಷದ ಹತ್ತು ನೆಲೆಗಳನ್ನು ಎಣಿಸಿದ್ದಾನೆ. ಬೇರು, ಎಲೆ, ಹಣ್ಣು, ಹೂವು, ತೊಗಟೆ, ಹಾಲು, ಸಾರ, ಅಂಟು, ಗೆಡ್ಡೆ, ಖನಿಜ. ಕೊನೆಯದೊಂದನ್ನು ಬಿಟ್ಟು ಉಳಿದ ಒಂಬತ್ತೂ ಗಿಡಮರಗಳ ಅಂಗಗಳೇ! ಹಳ್ಳಿಗಳಲ್ಲಿ ಹಾವಿನ ಕಡಿತಕ್ಕೆ ಅರೆದು ಕುಡಿಸುತ್ತಿದ್ದ ಈಶ್ವರಿ ಬಳ್ಳಿಯನ್ನು ತೆಗೆದುಕೊಳ್ಳಿ. ಅದರ ಕುಲದ ಸಸ್ಯಗಳಲ್ಲಿರುವ ಆಮ್ಲವೊಂದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ಉಂಟುಮಾಡುತ್ತದೆ ಎಂಬುದು ಇಂದು ನಿಶ್ಚಿತವಾಗಿದೆ. ಬೆಲ್ಜಿಯಂ ದೇಶದಲ್ಲಿ ದೇಹ ತೆಳ್ಳಗಾಗಲೆಂದು ಆ ಕುಲದ ಚೀನೀ ಮೂಲಿಕೆ ಬೆರೆತ ಗುಳಿಗೆಗಳನ್ನು ನುಂಗಿದ ಹಲವು ಮಹಿಳೆಯರು ಮೂತ್ರಪಿಂಡಗಳನ್ನೇ ಕಳೆದುಕೊಂಡ ಸಂಗತಿ 1993ರಲ್ಲಿ ವೈದ್ಯಲೋಕದ ಗಮನಕ್ಕೆ ಬಂದಿತು. ಅದೂ ‘ನೈಸರ್ಗಿಕ’ವೇ ಆಗಿತ್ತು. ಮಂಗರಾಜನ ಗ್ರಂಥವನ್ನು ಗೌರವದಿಂದ ಓದೋಣ. ಹಾವು ಕಚ್ಚಿದರೆ ಮಾತ್ರ ಒಂದು ಗಳಿಗೆಯನ್ನೂ ಕಳೆಯದೆ ಪ್ರತಿವಿಷದ ಚುಚ್ಚುಮದ್ದಿರುವ ಆಸ್ಪತ್ರೆಗೆ ಹೋಗೋಣ. ಅಭಯದಾನವೆಂದರೆ ಅದೂ ಹೌದು.

ಇನ್ನು ಪೂರಕಗಳೆಂದು ಅಂಗಡಿಯಲ್ಲಿ ಸಿಗುವ ಗುಳಿಗೆಗಳು. ಒಳಗೆ ಅಶ್ವಗಂಧ, ಹೊರಗೆ ಜೆಲಾಟಿನ್ ಕವಚ. ಜೆಲಾಟಿನ್ ಎಂದರೆ ದನ ಹಂದಿಗಳ ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಸರಿ. ಸಸ್ಯದ ನಾರಿನಂಶದಿಂದ ಮಾಡಿದ ಕವಚಗಳು ಲಭ್ಯವಿವೆ, ಕೇಳಿದವರಿಗೆ ಸಿಗುತ್ತವೆ. ವಿಟಮಿನ್ ಡಿ-3 ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನಿಂದ ತೆಗೆದುದೂ ಉಂಟು. ಹೃದಯಕ್ಕೆ ಹಿತವೆಂದು ಕೊಡುವ ಒಮೇಗಾ ಎಣ್ಣೆ ಮೀನಿನದಾಗಿರಬಹುದು. ಪಾಚಿಯಿಂದ ತೆಗೆದ ಎಣ್ಣೆಯೂ ಇದೆ. ಪೇಟೆಯ ಚ್ಯವನಪ್ರಾಶದಲ್ಲಿ ಸಾಮಾನ್ಯವಾಗಿ ಜೇನಿರುತ್ತದೆ. ಈ ವಿವರಗಳನ್ನು ಚೀಟಿಯಲ್ಲಿ ಓದಲು ಐದು ನಿಮಿಷ ಸಾಕು. ಔಷಧದಾನಕ್ಕೆ ಸಾವಿರಾರು ರೂಪಾಯಿ ವಿನಿಯೋಗಿಸುವ ಸಂಸ್ಥೆಗಳು ಖರೀದಿಗೆ ಮೊದಲು ಆ ಐದು ನಿಮಿಷವನ್ನೂ ವಿನಿಯೋಗಿಸುವುದು ಅವಶ್ಯ.

ಇದರ ಇನ್ನೊಂದು ತುದಿಯಲ್ಲಿ ಒಂದು ಅಪಾಯವಿದೆ, ಅದನ್ನು ಮರೆಯಬಾರದು. ವ್ರತನಿಷ್ಠರಾದ ಹಿರಿಯರು ಗುಳಿಗೆ ಎಂದರೆ ಸಾಕು, ಬೇಡವೆನ್ನುತ್ತಾರೆ. ವಿಟಮಿನ್ ಬಿ-12 ಯಾವ ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ನೆಚ್ಚುವಷ್ಟು ಇಲ್ಲ. ಹಾಲು ಮೊಸರುಗಳಲ್ಲಿ ಸ್ವಲ್ಪ ಇದೆ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಏಕಭುಕ್ತ ಉಪವಾಸಗಳನ್ನು ಮಾಡುತ್ತ, ರಸತ್ಯಾಗವೆಂದು ಹಾಲನ್ನೂ ಬಿಟ್ಟವರಲ್ಲಿ ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು ಕಂಡುಬಂದರೆ ಅದನ್ನು ಮುಪ್ಪೆಂದು ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಬೇಕು. ಬಹಳ ತಡವಾದರೆ ನರಗಳ ಹಾನಿ ಸರಿಹೋಗದು. ಬಿ-12 ಅನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಅಲ್ಲಿಯೂ ಏಕೇಂದ್ರಿಯ ಹಿಂಸೆಯಿದೆ ಎಂದು ವಾದಿಸಬಹುದು. ಮೊಸರಿಗೂ ಅದೇ ವಾದ ಅನ್ವಯಿಸೀತು. ಗೃಹಸ್ಥನಿಗೆ ಹೇಳಿದ್ದು ತ್ರಸಜೀವಗಳ ಸಂಕಲ್ಪಹಿಂಸೆಯ ತ್ಯಾಗ ಮತ್ತು ಸ್ಥಾವರ ಹಿಂಸೆಯ ಮಿತಿ. ಶರೀರವನ್ನು ಕೆಡಿಸಿಕೊಳ್ಳುವುದನ್ನು ವ್ರತವೆಂದು ಯಾರೂ ಹೇಳಿಲ್ಲ.

ಇದಕ್ಕೆ ಸಮಂತಭದ್ರಸ್ವಾಮಿಗಳ ಚರಿತ್ರೆಯೇ ಆಧಾರವಾಗಿದೆ. ಕಥಾಕೋಶಗಳಲ್ಲಿಯೂ, ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿಯೂ ಬರುವ ಪ್ರಸಿದ್ಧ ಪ್ರಸಂಗವದು. ಅವರಿಗೆ ಭಸ್ಮಕವ್ಯಾಧಿ ತಗುಲಿತು. ಎಷ್ಟು ತಿಂದರೂ ಭಸ್ಮವಾಗುವ ಹಸಿವು. ಮುನಿಯ ಒಪ್ಪೊತ್ತಿನ ಆಹಾರದಿಂದ ಅದು ಶಮನವಾಗುವಂಥದಲ್ಲ. ಸಲ್ಲೇಖನ ಕೊಡಿರೆಂದು ಅವರು ಗುರುಗಳನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ, ದೀಕ್ಷೆಯನ್ನು ಬಿಟ್ಟು ಹೇಗಾದರೂ ಈ ರೋಗವನ್ನು ಗುಣಪಡಿಸಿಕೋ ಎಂದು ಆಜ್ಞಾಪಿಸಿದರು. ಅವರು ವೇಷ ಬದಲಿಸಿ, ಶಿವಾಲಯವೊಂದನ್ನು ಸೇರಿ, ಅಲ್ಲಿ ನಿತ್ಯವೂ ರಾಶಿಯಾಗಿ ಬರುತ್ತಿದ್ದ ನೈವೇದ್ಯವನ್ನು ಉಂಡರು. ದಿನ ಕಳೆದಂತೆ ಹಸಿವು ತಗ್ಗಿ ಎಡೆಯಲ್ಲಿ ಅನ್ನ ಉಳಿಯತೊಡಗಿತು. ರೋಗ ಪೂರ್ಣವಾಗಿ ವಾಸಿಯಾದ ಮೇಲೆ ಅವರು ಮತ್ತೆ ದೀಕ್ಷೆಯನ್ನು ಪಡೆದರು.